ಪ್ರೇಮಾ ಸಿಸ್ಟರ್ ಕಟ್ಟುತ್ತಿದ್ದ ನಾಲ್ಕು ಪದರದ ಪಟ್ಟಿ

ಡ್ರೆಸ್ಸಿಂಗ್ ರೂಮಿಗೆ ಹೊಸದಾಗಿ ಸೇರಿದ ಇಬ್ಬರು ಹುಡುಗಿಯರು ಹೋದ ತಿಂಗಳು ಮನೆಗೆ ಬಂದಿದ್ದರು. "ಸರ್, ಮೂವತ್ತು ವರ್ಷ ಗಾಯ ಕಟ್ಟಿದೋರು ನೀವು. ನಮಗೆ ಏನಾದ್ರೂ ಬರ್ಕೊಡಿ" ಎಂದರು. ಯಾವ ಗಾಯಕ್ಕೆ ಯಾವ ಔಷಧಿ ಎಂಬುದು ಅವರ ಪುಸ್ತಕದಲ್ಲಿ ನನಗೆ ಗೊತ್ತಿರುವುದಕ್ಕಿಂತ ಚೆನ್ನಾಗಿಯೇ ಇದೆ. ಪುಸ್ತಕದಲ್ಲಿ ಇಲ್ಲದ್ದು ಒಂದಿದೆ. ಪಕ್ಕದ ಮೇಜಿನವರ ಕೈ ನಮ್ಮ ಕೈಗಿಂತ ಚೆನ್ನಾಗಿ ಓಡುವಾಗ ನಮ್ಮ ಹೊಟ್ಟೆಯೊಳಗೆ ಏನಾಗುತ್ತದೆ, ಅದರಿಂದ ರೋಗಿಯ ಕಾಲಿಗೆ ಏನಾಗುತ್ತದೆ ಎನ್ನುವುದು. ನಾನು ಹೊಟ್ಟೆಕಿಚ್ಚಿನ ಮನುಷ್ಯ. ಅದನ್ನು ಮುಚ್ಚಿಟ್ಟು ಬರೆದರೆ ಈ ಬರಹದಿಂದ ಯಾರಿಗೂ ಉಪಯೋಗವಿಲ್ಲ.

ನನ್ನ ಹೆಸರು ಮಹದೇವಸ್ವಾಮಿ. ಮೈಸೂರಿನ ಒಂದು ಧರ್ಮಾಸ್ಪತ್ರೆಯಲ್ಲಿ ಡ್ರೆಸ್ಸರ್ ಆಗಿದ್ದೆ. ಮಠದ ಹಾಸ್ಟೆಲಿನಲ್ಲಿದ್ದು ಎಸ್ಸೆಸ್ಸೆಲ್ಸಿ ಮುಗಿಸಿ, ಮೂವತ್ತರ ಹತ್ತಿರ ಬಂದರೂ ಖಾಯಂ ಕೆಲಸವಿಲ್ಲದೆ ಅಲೆಯುತ್ತಿದ್ದವನನ್ನು ಅಲ್ಲಿನ ಹಿರಿಯರೊಬ್ಬರು ಕರೆದುಕೊಂಡು ಹೋಗಿ ಸೇರಿಸಿದ್ದರು. ತೊಂಬತ್ತರ ದಶಕದ ಶುರುವಿನಲ್ಲಿ ನಮ್ಮ ಸರಂಜಾಮೆಂದರೆ ಗಾಜ್ ಬಟ್ಟೆ, ಹತ್ತಿ, ಲೋಷನ್ನು, ಪಟ್ಟಿ, ಅಷ್ಟೇ. ಗಾಯದ ಮೇಲೆ ಹೈಡ್ರೋಜನ್ ಪೆರಾಕ್ಸೈಡ್ ಸುರಿದರೆ ಬುಸಬುಸನೆ ನೊರೆ ಏಳುತ್ತಿತ್ತು. "ಕೆಟ್ಟದ್ದೆಲ್ಲ ಹೊರಗೆ ಬಂದ್ಬುಡ್ತು ಸ್ವಾಮಿ" ಎಂದು ರೋಗಿಗಳು ನಿಟ್ಟುಸಿರು ಬಿಡುತ್ತಿದ್ದರು. ಆ ನೊರೆಯಲ್ಲಿ ಹೊಸದಾಗಿ ಹುಟ್ಟುತ್ತಿದ್ದ ಮಾಂಸವೂ ಸುಟ್ಟುಹೋಗುತ್ತಿತ್ತು ಎಂದು ನನಗೆ ಗೊತ್ತಾಗುವ ಹೊತ್ತಿಗೆ ಹತ್ತು ವರ್ಷ ಕಳೆದಿತ್ತು. ಒಣಗಿ ಅಂಟಿಕೊಂಡ ಗಾಜ್ ಬಟ್ಟೆಯನ್ನು ಒಂದೇ ಸಲಕ್ಕೆ ಸರಕ್ಕನೆ ಎಳೆದು ತೆಗೆಯುವುದರಲ್ಲಿ ನಾನು ಹೆಸರುವಾಸಿ. ರೋಗಿ "ಅಮ್ಮಾ" ಎನ್ನುವಷ್ಟರಲ್ಲಿ ಕೆಲಸ ಮುಗಿದಿರುತ್ತಿತ್ತು. ಬಟ್ಟೆಯ ಜೊತೆಗೆ ಹೊಸ ಚರ್ಮವೂ ಕಿತ್ತುಬರುತ್ತಿದ್ದುದನ್ನು ನಾನು ದಿನಾ ಕಣ್ಣಾರೆ ನೋಡುತ್ತಿದ್ದೆ. ಆದರೂ ಅದು ಕಾಣಿಸುತ್ತಿರಲಿಲ್ಲ.

ನನ್ನ ಬಳಿ ಖಾಯಂ ಬರುತ್ತಿದ್ದವರಲ್ಲಿ ಕಿಟ್ಟಣ್ಣ ಮುಖ್ಯ. ಸರಸ್ವತಿಪುರಂನ ಒಂದು ಹೋಟೆಲಿನಲ್ಲಿ ದೋಸೆ ಹಾಕುತ್ತಿದ್ದರು. ಬೆಳಿಗ್ಗೆ ಐದರಿಂದ ಹನ್ನೊಂದರವರೆಗೆ ಹಂಚಿನ ಮುಂದೆ ನಿಂತ ಕಾಲಲ್ಲೇ ಕೆಲಸ. ಎಡಗಾಲಿನ ಹರಡಿನ ಗಂಟಿನ ಮೇಲೆ, ಒಳಮಗ್ಗುಲಲ್ಲಿ, ಅಂಗೈಯಗಲದ ಹುಣ್ಣು. ಸುತ್ತ ಚರ್ಮವೆಲ್ಲ ಕಪ್ಪಿಟ್ಟು ಗಟ್ಟಿಯಾಗಿತ್ತು. ದಿನ ಬಿಟ್ಟು ದಿನ ಬರುತ್ತಿದ್ದರು, ಏಳು ವರ್ಷ. ಮಗಳಿಗೆ ಗಂಡು ನೋಡಿದ್ದು, ಗಂಡಿನ ಕಡೆಯವರು ಬೇಡವೆಂದದ್ದು, ಮತ್ತೊಂದು ಗಂಡು ಸಿಕ್ಕಿದ್ದು, ಎಲ್ಲವನ್ನೂ ನನ್ನ ಸ್ಟೂಲಿನ ಮೇಲೆ ಕಾಲಿಟ್ಟುಕೊಂಡೇ ಹೇಳಿದವರು. ಏಳು ವರ್ಷದಲ್ಲಿ ಆ ಗಾಯ ಒಂದು ಬೆರಳಿನಷ್ಟೂ ಚಿಕ್ಕದಾಗಲಿಲ್ಲ. ಅದರ ಬಗ್ಗೆ ನಾನೂ ಕೇಳಿಕೊಳ್ಳಲಿಲ್ಲ, ಅವರೂ ಕೇಳಲಿಲ್ಲ. ತಪ್ಪದೆ ಬರುತ್ತಿದ್ದರಲ್ಲ, ಅದೇ ನನಗೆ ಹೆಮ್ಮೆಯಾಗಿತ್ತು.

ಆ ದಶಕದ ಕೊನೆಯ ಹೊತ್ತಿಗೆ ಪ್ರೇಮಾ ಸಿಸ್ಟರ್ ಬಂದರು. ಕಡಕೊಳದ ಒಕ್ಕಲು ಮನೆಯ ಹೆಣ್ಣುಮಗಳು, ನನಗಿಂತ ಹದಿನಾಲ್ಕು ವರ್ಷ ಚಿಕ್ಕವರು. ಚೆನ್ನೈನಲ್ಲಿ ಕಾಲಿನ ಗಾಯಗಳಿಗೆಂದೇ ತರಬೇತಿ ಮುಗಿಸಿ ಬಂದಿದ್ದರು. ನಮ್ಮ ಸರ್ಜನ್ ಡಾಕ್ಟರ್ ಶ್ರೀಕಂಠಮೂರ್ತಿಗಳು ಮೊದಲ ದಿನವೇ ಕಿಟಕಿ ಪಕ್ಕದ ಮೇಜನ್ನು ಅವರಿಗೆ ಕೊಡಿಸಿದರು. ಬೆಳಕು ಚೆನ್ನಾಗಿ ಬೀಳುತ್ತಿದ್ದ ಆ ಮೇಜಿಗೆ ನಾನು ಎಷ್ಟೋ ಸಲ ಕೇಳಿಕೊಂಡಿದ್ದೆ.

ಒಂದು ವಾರ ಕಳೆಯುವುದರೊಳಗೆ ಡಾಕ್ಟರು ಕಿಟ್ಟಣ್ಣನವರನ್ನು ಆ ಮೇಜಿಗೆ ಕಳಿಸಿದರು. "ಸ್ವಾಮಿ, ಇವರನ್ನ ಪ್ರೇಮಾ ನೋಡ್ಕೊಳ್ಲಿ. ಒಂದು ಪ್ರಯೋಗ" ಎಂದರು. ನಾನು "ಆಗಲಿ ಸಾರ್" ಎಂದೆ. ಕೈಯಲ್ಲಿದ್ದ ಚಿಮ್ಮಟವನ್ನು ಟ್ರೇಗೆ ಇಟ್ಟ ಸದ್ದು ಸ್ವಲ್ಪ ಜೋರಾಯಿತು.

ಆಕೆ ಕೆಲಸ ಶುರುಮಾಡಿದ್ದು ಗಾಯದಿಂದಲ್ಲ. ಪಾದದ ಮೇಲೆ ಬೆರಳಿಟ್ಟು ನಾಡಿ ನೋಡಿದರು. ಆಮೇಲೆ ಪೆನ್ನಿನಂಥ ಒಂದು ಮೆಷೀನು ಇಟ್ಟು, ರಕ್ತ ಹರಿಯುವ ಸದ್ದು ಸುಯ್ ಸುಯ್ ಎಂದು ಬರುವುದನ್ನು ಕೇಳಿಸಿಕೊಂಡರು. ನನಗೆ ಅದೆಲ್ಲ ತೋರಿಕೆಯೆಂದೇ ಅನ್ನಿಸಿತು. ಗಾಯವನ್ನು ಉಪ್ಪುನೀರಿನಲ್ಲಿ ತೊಳೆದು, ಅಂಟಿಕೊಳ್ಳದಂಥ ತೆಳು ಬಲೆಬಟ್ಟೆ ಹಾಸಿದರು. ಅದರ ಮೇಲೆ ಕಾಲ್ಬೆರಳಿನ ಬುಡದಿಂದ ಮಂಡಿಯ ಕೆಳಗಿನವರೆಗೆ ಒಂದು ಪದರ ಮೆತ್ತನೆ ಹತ್ತಿ, ಎರಡನೆಯದು ಕ್ರೇಪ್ ಬ್ಯಾಂಡೇಜು, ಮೂರನೆಯದು ಎಂಟರ ಆಕಾರದಲ್ಲಿ ಸುತ್ತಿದ ಎಲಾಸ್ಟಿಕ್ಕು, ನಾಲ್ಕನೆಯದು ತನಗೆ ತಾನೇ ಅಂಟಿಕೊಳ್ಳುವ ಪಟ್ಟಿ. ಹರಡಿನ ಹತ್ತಿರ ಬಿಗಿ, ಮೇಲಕ್ಕೆ ಹೋಗ್ತಾ ಹೋಗ್ತಾ ಸಡಿಲ.

"ಇನ್ನು ಮುಂದಿನ ವಾರ ಬನ್ನಿ ಕಿಟ್ಟಣ್ಣ" ಎಂದರು.

"ಒಂದು ವಾರವಾ? ಮಧ್ಯೆ ತೊಳೆಯೋದು ಬ್ಯಾಡ್ವಾ?"

"ಬೇಡ. ರಕ್ತ ಕೆಳಗೆ ಇಳಿಯುತ್ತೆ, ಮೇಲಕ್ಕೆ ಹತ್ತಿಸೋಕೆ ನಿಮ್ಮ ನರಕ್ಕೆ ಶಕ್ತಿ ಇಲ್ಲ. ನಿಂತು ನಿಂತು ಸೋತುಹೋಗಿದೆ. ನಾವು ಹೊರಗಿಂದ ಒತ್ತಿ ಮೇಲಕ್ಕೆ ಕಳಿಸ್ತಾ ಇರ್ಬೇಕು. ಗಾಯ ಕಾಯಿಲೆ ಅಲ್ಲ ಕಣ್ರೀ, ಊತ ಕಾಯಿಲೆ."

ಏಳು ವರ್ಷ ನಾನು ಗಾಯವನ್ನು ನೋಡಿದ್ದೆ, ಕಾಲನ್ನು ನೋಡಿರಲಿಲ್ಲ. ಆ ಮಾತು ಸರಿ ಎಂದು ನನಗೆ ಆ ಕ್ಷಣದಲ್ಲೇ ಗೊತ್ತಾಯಿತು. ಗೊತ್ತಾದದ್ದಕ್ಕೇ ಇನ್ನಷ್ಟು ಉರಿಯಿತು.

ಆಮೇಲೆ ನಾನು ಮಾಡಿದ್ದನ್ನು ಹೇಳಲು ನಾಚಿಕೆಯಾಗುತ್ತದೆ. ಕಿಟ್ಟಣ್ಣ ಹೊರಗೆ ಬೆಂಚಿನ ಮೇಲೆ ಕೂತಿದ್ದಾಗ ಪಕ್ಕದಲ್ಲಿ ಕೂತು, "ಅಷ್ಟು ಬಿಗಿ ಕಟ್ಟಿದ್ರೆ ಒಳಗೊಳಗೇ ಕೊಳೆತುಬಿಡುತ್ತೆ, ನೋಡ್ಕೊಳ್ಳಿ" ಎಂದೆ. ಅವರು ಗಾಬರಿಯಾಗಿ ಮನೆಗೆ ಹೋಗಿ ಪಟ್ಟಿ ಬಿಚ್ಚಿಹಾಕಿದರು. ಮರುದಿನ ಪ್ರೇಮಾ ಸಿಸ್ಟರ್ ಏನೂ ಕೇಳದೆ ಮತ್ತೆ ಕಟ್ಟಿದರು. ಯಾರು ಹೇಳಿದ್ದೆಂದು ಕಿಟ್ಟಣ್ಣ ಹೇಳಿದರೋ ಇಲ್ಲವೋ ಗೊತ್ತಿಲ್ಲ. ಆಕೆ ನನ್ನ ಕಡೆ ಒಂದು ಸಲ ನೋಡಿದ್ದು ಮಾತ್ರ ನೆನಪಿದೆ.

ಪ್ರತಿ ವಾರ ಆಕೆ ಪಟ್ಟಿ ಬಿಚ್ಚುವಾಗ ನಾನು ಏನೋ ನೆಪ ಮಾಡಿಕೊಂಡು ಆ ಕಡೆ ಹೋಗುತ್ತಿದ್ದೆ. ವಾಸನೆ ಬರಲಿ ಎಂದು ಕಾಯುತ್ತಿದ್ದೆ. ವಾಸನೆ ಬರಲಿಲ್ಲ. ಅಂಚಿನಿಂದ ಗುಲಾಬಿ ಬಣ್ಣದ ಚರ್ಮ ಒಳಮುಖವಾಗಿ ಹಬ್ಬುತ್ತಾ ಬಂತು. ನಾಲ್ಕನೆಯ ತಿಂಗಳಲ್ಲಿ ಗಾಯ ಮುಚ್ಚಿತು. ಕಿಟ್ಟಣ್ಣ ಪಂಚೆ ಎತ್ತಿಕೊಂಡು ವಾರ್ಡಿನ ಆಯಾಗಳಿಂದ ಹಿಡಿದು ವಾಚ್‌ಮನ್‌ವರೆಗೆ ಎಲ್ಲರಿಗೂ ಕಾಲು ತೋರಿಸಿದರು. ನನ್ನ ಹತ್ತಿರವೂ ಬಂದು, "ಸ್ವಾಮಿಯೋರೇ, ನೋಡಿ, ನೋಡಿ" ಎಂದರು. ಪಾಪ, ನನಗೂ ಸಂತೋಷವಾಗುತ್ತದೆಂದೇ ತಿಳಿದಿದ್ದರು. ನಾನು ನಕ್ಕೆ. ಕಾಲು ಮುಟ್ಟಿ ನೋಡಿದೆ. ಗಾಯ ಇದ್ದಿದ್ದರೆ ಚೆನ್ನಾಗಿತ್ತು ಎಂದು ಒಂದು ಗಳಿಗೆ ಅನ್ನಿಸಿತು. ರೋಗಿಯ ಗಾಯ ವಾಸಿಯಾಗಬಾರದಿತ್ತು ಎಂದು ಒಬ್ಬ ಡ್ರೆಸ್ಸರಿಗೆ ಅನ್ನಿಸಬಹುದು. ನಿಮಗೂ ಎಂದಾದರೂ ಹಾಗನ್ನಿಸಿದರೆ ಆ ದಿನ ಯಾರ ಕಾಲನ್ನೂ ಮುಟ್ಟಬೇಡಿ, ರಜೆ ಹಾಕಿ ಮನೆಗೆ ಹೋಗಿ. ನಾನು ಹೋಗಲಿಲ್ಲ.

ಆ ಹೊತ್ತಿಗೆ ನನ್ನ ಮೇಜಿನ ಸಾಲು ಕರಗಿ ಕಿಟಕಿ ಪಕ್ಕದ ಮೇಜಿನ ಸಾಲು ಬಾಗಿಲು ದಾಟಿತ್ತು. ಆಕೆ ಕಟ್ಟುವುದನ್ನು ನಾನು ಓರೆಗಣ್ಣಲ್ಲಿ ನೋಡಿ ನೋಡಿ ಕಲಿತಿದ್ದೆ. ನನ್ನ ಕೈಗಳಿಗೆ ಮೂವತ್ತು ಸಲ ತೋರಿಸಬೇಕಾದ ಅಗತ್ಯವಿರಲಿಲ್ಲ. ಕಾಯುತ್ತಿದ್ದೆ, ಅಷ್ಟೆ. ಆಕೆ ತಂಗಿಯ ಮದುವೆಗೆಂದು ನಾಲ್ಕು ದಿನ ರಜೆ ಹಾಕಿ ಊರಿಗೆ ಹೋದಾಗ ಮಂಡಕಳ್ಳಿಯ ಸಿದ್ದೇಗೌಡರು ಬಂದರು. ಅರವತ್ತರ ಆಸುಪಾಸು, ತೆಳ್ಳನೆ ಆಳು, ಕಿವಿಯ ಸಂದಿಯಲ್ಲಿ ಅರ್ಧ ಸೇದಿ ಆರಿಸಿದ ಬೀಡಿ. ಹರಡಿನ ಹೊರಮಗ್ಗುಲಲ್ಲಿ ರೂಪಾಯಿ ಅಗಲದ ಗಾಯ.

"ಅದೇನೋ ಪಟ್ಟಿ ಕಟ್ತಾರಂತಲ್ಲಪ್ಪ, ದೋಸೆ ಕಿಟ್ಟಣ್ಣನಿಗೆ ಕಟ್ಟಿದ್ದು. ನಂಗೂ ಅಂಗೇ ಕಟ್ಬುಡಿ" ಎಂದರು.

ನಾನು ಪ್ರೇಮಾ ಸಿಸ್ಟರ್ ಪಟ್ಟಿಗಳನ್ನಿಡುತ್ತಿದ್ದ ಬೀರು ತೆಗೆದೆ. ನಾಲ್ಕು ಪದರವನ್ನೂ ಕಟ್ಟಿದೆ. ಸುಳ್ಳು ಹೇಳುವುದಿಲ್ಲ, ಆಕೆಯದಕ್ಕಿಂತ ಅಂದವಾಗಿ ಕೂತಿತ್ತು. ಒಂದು ಮಡಿಕೆಯಿಲ್ಲ, ಒಂದು ಸುಕ್ಕಿಲ್ಲ. ಬಿಗಿಯೂ ಒಂದು ಕೈ ಹೆಚ್ಚೇ. ಪಾದದ ಮೇಲೆ ಬೆರಳಿಡಲಿಲ್ಲ, ಆ ಪೆನ್ನಿನಂಥ ಮೆಷೀನನ್ನೂ ಮುಟ್ಟಲಿಲ್ಲ. ರಿಜಿಸ್ಟರಿನಲ್ಲಿ ಕಟ್ಟಿದವರ ಹೆಸರಿನ ಜಾಗವನ್ನು ಖಾಲಿ ಬಿಟ್ಟೆ. ವಾಸಿಯಾದ ಮೇಲೆ ಬರೆಯೋಣ ಎಂದುಕೊಂಡಿದ್ದೆ.

"ಏನೋ ಒತ್ತುತ್ತೆ ಕಣಪ್ಪ" ಎಂದರು ಸಿದ್ದೇಗೌಡರು.

"ಮೊದಮೊದಲು ಹಾಗೇ ಗೌಡ್ರೆ, ಅಭ್ಯಾಸ ಆಗುತ್ತೆ" ಎಂದೆ.

ಮೂರನೆಯ ದಿನ ಅವರ ಹೆಂಡತಿ ಆಟೋದಲ್ಲಿ ಕರೆದುಕೊಂಡು ಬಂದರು. ಪ್ರೇಮಾ ಸಿಸ್ಟರ್ ಅದೇ ಬೆಳಿಗ್ಗೆ ಕೆಲಸಕ್ಕೆ ಮರಳಿದ್ದರು, ಕೈಯಲ್ಲಿ ಮದುವೆಮನೆಯ ಮದರಂಗಿ ಇನ್ನೂ ಕೆಂಪಗಿತ್ತು. ಗೌಡರ ಬೆರಳುಗಳು ಪಟ್ಟಿಯಿಂದ ಹೊರಗೆ ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿದ್ದವು. ಆಕೆ ಕತ್ತರಿ ಹಾಕಿ ನಾಲ್ಕೂ ಪದರವನ್ನು ಒಟ್ಟಿಗೆ ಸೀಳಿದರು. ಮೆಷೀನು ಇಟ್ಟರು. ಸದ್ದಿಲ್ಲ. ಜಾಗ ಬದಲಿಸಿ ಇಟ್ಟರು. ಎಲ್ಲೋ ದೂರದಿಂದ ಬಂದ ಹಾಗೆ ಚೂರು ಸದ್ದು.

"ಬೀಡಿ ಸೇದಿ ಸೇದಿ ಇವರಿಗೆ ರಕ್ತ ಕೆಳಗೆ ಇಳಿಯೋದೇ ಕಷ್ಟ" ಎಂದು ಮೆಲ್ಲಗೆ ಹೇಳಿದರು, ಯಾರಿಗೆ ಎಂದಿಲ್ಲ. "ಇಂಥ ಕಾಲಿಗೆ ಒತ್ತಡ ಹಾಕಲೇಬಾರದು."

ಕಿರುಬೆರಳು ಉಳಿಯಲಿಲ್ಲ. ಮೂರು ದಿನ ನೋಡಿ ಡಾಕ್ಟರು ತೆಗೆದರು. ಅದೇ ದಿನ ಡ್ರೆಸ್ಸಿಂಗ್ ರೂಮಿಗೆ ಬಂದು ಎಲ್ಲರ ಮುಂದೆ ಕೂಗಾಡಿದರು.

"ಪ್ರೇಮಾ, ಯಾರು ಕಟ್ಟಿದ್ದು ಅದನ್ನ?"

"ನಾನು ರಜೆಯಲ್ಲಿದ್ದೆ ಸರ್."

"ಮತ್ತೆ ಪಟ್ಟಿ ತಾನಾಗೇ ಕಟ್ಕೊಂಡಿತಾ? ಟ್ರೇನಿಂಗ್ ಹುಡುಗಿಯರಿಗೆ ಅರ್ಧಂಬರ್ಧ ತೋರಿಸಿ, ಬೀರು ಕೀ ಹಾಕದೆ ಹೋಗಿದ್ದು ನೀವೇ ತಾನೆ?"

ರಿಜಿಸ್ಟರು ತರಿಸಿದರು. ಹೆಸರಿನ ಜಾಗ ಖಾಲಿ. ಆಕೆ ನನ್ನ ಮುಖ ನೋಡಿದರು. ಅಷ್ಟು ಅಂದವಾಗಿ ಕಟ್ಟುವ ಕೈ ಆ ಆಸ್ಪತ್ರೆಯಲ್ಲಿ ಯಾರದೆಂದು ಆಕೆಗೆ ಚೆನ್ನಾಗಿ ಗೊತ್ತಿತ್ತು. ನಾನು ಟ್ರೇ ಒರೆಸುತ್ತಾ ನಿಂತೆ. ಆಕೆ ಹೇಳಲಿಲ್ಲ, ನಾನೂ ಹೇಳಲಿಲ್ಲ. ಡಾಕ್ಟರು ಆ ಬೀರುವಿಗೆ ಬೀಗ ಹಾಕಿಸಿದರು. "ಇನ್ನು ಮೇಲೆ ಈ ಆಸ್ಪತ್ರೆಯಲ್ಲಿ ಈ ಪಟ್ಟಿ ಬೇಡ. ಹಳೇ ಗಾಜ್ ಡ್ರೆಸ್ಸಿಂಗೇ ಸಾಕು" ಎಂದರು. ಆಕೆಯನ್ನು ಹೆರಿಗೆ ವಾರ್ಡಿಗೆ ಹಾಕಿದರು.

ನನಗೆ ಬೇಕಾದದ್ದೆಲ್ಲ ಸಿಕ್ಕಿತು. ಸಾಲು ನನ್ನ ಮೇಜಿಗೆ ಮರಳಿತು. ಕಿಟಕಿ ಪಕ್ಕದ ಮೇಜೂ ಸಿಕ್ಕಿತು.

ಸಿದ್ದೇಗೌಡರ ಬೆರಳಿನ ಜಾಗವನ್ನು ದಿನಾ ನಾನೇ ತೊಳೆದು ಕಟ್ಟುತ್ತಿದ್ದೆ. ಒಂದು ದಿನ ಅವರು ಬಗ್ಗಿ ನನ್ನ ಕಿವಿಯ ಹತ್ತಿರ ಹೇಳಿದರು: "ಡಾಕ್ಟ್ರು ಕೇಳುದ್ರು ಯಾರು ಕಟ್ಟಿದ್ದು ಅಂತ. ಗೊತ್ತಿಲ್ಲ ಅಂದ್ಬುಟ್ಟೆ ಕಣಪ್ಪ. ನೀವು ಚೆನ್ನಾಗೇ ಕಟ್ಟಿದ್ರಿ. ನನ್ ಕಾಲೇ ಕೆಟ್ಟಿದ್ದು, ನೀವೇನ್ ಮಾಡೀರಿ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರ ಮುಂದೆ ತಲೆಯೆತ್ತಲಾಗಲಿಲ್ಲ.

ಇನ್ನೊಂದು ಕಡೆ, ಪ್ರೇಮಾ ಸಿಸ್ಟರ್ ಕೈಯಲ್ಲಿ ಮುಕ್ಕಾಲು ಪಾಲು ವಾಸಿಯಾಗಿದ್ದ ಗಾಯಗಳು ಒಂದೊಂದಾಗಿ ಮತ್ತೆ ಬಾಯಿ ಬಿಡತೊಡಗಿದವು. ಒಬ್ಬರು ಪ್ರೈಮರಿ ಶಾಲೆ ಮೇಡಂ ಇದ್ದರು, ಅವರದು ಕಡಲೆಕಾಳಿನಷ್ಟು ಮಾತ್ರ ಉಳಿದಿತ್ತು. ಮೂರು ವಾರದಲ್ಲಿ ನನ್ನ ಕೈಯಲ್ಲೇ ನಿಂಬೆಹಣ್ಣಿನಷ್ಟಾಯಿತು. "ಇನ್ನೇನು ಪಟ್ಟಿ ಇಲ್ದೆ ಓಡಾಡಬಹುದು ಅಂದಿದ್ರು" ಎಂದು ಮೇಡಂ ಗೋಡೆ ಕಡೆ ಮುಖ ತಿರುಗಿಸಿಕೊಂಡು ಅತ್ತರು. ಆವತ್ತು ಗಾಜ್ ಕಿತ್ತಾಗ ಅದರ ಜೊತೆ ಬಂದ ಚರ್ಮ ನನಗೆ ಮೊದಲ ಸಲ ಕಾಣಿಸಿತು.

ಕೈ ತೊಳೆದುಕೊಂಡು ನೇರ ಡಾಕ್ಟರ ರೂಮಿಗೆ ಹೋದೆ. "ಸಿದ್ದೇಗೌಡ್ರಿಗೆ ಕಟ್ಟಿದ್ದು ನಾನು ಸಾರ್. ಯಾರೂ ಹೇಳಿಕೊಟ್ಟಿರಲಿಲ್ಲ. ಕದ್ದು ನೋಡಿ ಕಲ್ತಿದ್ದೆ. ನಾಡಿ ನೋಡಲಿಲ್ಲ."

ಅವರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು. "ಇಷ್ಟು ದಿನ ಯಾಕೆ ಹೇಳಲಿಲ್ಲ?"

"ಹೊಟ್ಟೆಕಿಚ್ಚು ಸಾರ್."

ಆರು ತಿಂಗಳು ನನ್ನನ್ನು ಆಟೋಕ್ಲೇವ್ ರೂಮಿಗೆ ಹಾಕಿದರು. ರೋಗಿಯ ಮುಖ ಕಾಣದೆ, ಆವಿಯಲ್ಲಿ ಬೆಂದ ಬಟ್ಟೆಯ ಪೊಟ್ಟಣ ಕಟ್ಟುವ ಕೆಲಸ. ಬೀರುವಿನ ಬೀಗ ಮರುದಿನವೇ ತೆಗೆಸಿದರು. ಪ್ರೇಮಾ ಸಿಸ್ಟರ್ ಕಿಟಕಿ ಪಕ್ಕದ ಮೇಜಿಗೆ ವಾಪಸಾದರು. ಸಿದ್ದೇಗೌಡರ ಮನೆಗೆ ನಾನೇ ಹೋಗಿ, ಹೆಂಡತಿಯ ಎದುರಿಗೆ, ತಪ್ಪು ನನ್ನದೇ ಎಂದು ಹೇಳಿ ಬಂದೆ. ಆಯಮ್ಮ ಕಾಫಿ ಕೊಡಲಿಲ್ಲ. ಕೊಡದೇ ಇದ್ದದ್ದೇ ಸರಿ ಅನ್ನಿಸಿತು.

ಆರು ತಿಂಗಳಾದ ಮೇಲೆ ಡಾಕ್ಟರು ನನ್ನನ್ನು ಆಕೆಯ ಕೈಕೆಳಗೆ ಕಲಿಯಲು ಹಾಕಿದರು, ಹದಿನೆಂಟರ ಹುಡುಗಿಯರ ಜೊತೆಗೆ. ಮೊದಲ ದಿನ ಕ್ಷಮೆ ಕೇಳಲು ಬಾಯಿ ತೆರೆದೆ.

"ಬೇಡ ಸ್ವಾಮಿಯೋರೇ" ಎಂದು ತಡೆದರು. "ನಾನಿನ್ನೂ ಕ್ಷಮಿಸಿಲ್ಲ. ಅಷ್ಟು ಜನರ ಮುಂದೆ ನೀವು ಟ್ರೇ ಒರೆಸ್ತಾ ನಿಂತಿದ್ರಿ. ಕಲಿಸ್ತೀನಿ, ಅದು ನನ್ ಕೆಲಸ. ಪಟ್ಟಿ ಆಮೇಲೆ. ಮೊದಲು ಐವತ್ತು ಕಾಲಿನ ನಾಡಿ ಹಿಡಿದು ತೋರಿಸಿ."

ಹಿಡಿದೆ. ಪಾದದ ಮೇಲ್ಭಾಗದಲ್ಲಿ, ಹೆಬ್ಬೆರಳಿನ ಗೆರೆ ಹಿಡಿದು ಮೇಲಕ್ಕೆ ಬಂದರೆ ಒಂದು ಕಡೆ. ಒಳಹರಡಿನ ಹಿಂದೆ ಇನ್ನೊಂದು ಕಡೆ. ಊದಿದ ಕಾಲಿನಲ್ಲಿ ಅದನ್ನು ಹುಡುಕಲು ತಾಳ್ಮೆ ಬೇಕು. ನನಗೆ ವಿದ್ಯೆ ಬಂದದ್ದು ಆಗ. ಆದರೆ ಆ ಹುಡುಗಿಯರ ಎದುರಿಗೆ ಆಕೆ "ಸ್ವಾಮಿಯೋರೇ, ಮೊಣಕೈ ಇಳಿಸಿ" ಎಂದಾಗಲೆಲ್ಲ ಒಳಗೆ ಮುಳ್ಳು ಚುಚ್ಚುತ್ತಿತ್ತು. ತಪ್ಪೊಪ್ಪಿಕೊಂಡ ಮೇಲೆ ಹೊಟ್ಟೆಕಿಚ್ಚು ಹೋಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಎರಡು ಸಾವಿರದ ಇಸವಿಯ ಈಚೆಗೆ ಸ್ಟಾಕಿಂಗಿನ ಕಾಲ ಬಂತು. ಗಾಯ ವಾಸಿಯಾದ ಮೇಲೆ ಅದು ಮತ್ತೆ ಬಾರದಂತೆ ಜೀವನಪೂರ್ತಿ ಹಾಕಿಕೊಳ್ಳಬೇಕಾದ ಬಿಗಿ ಕಾಲುಚೀಲ ಅದು. ಬೆಳಿಗ್ಗೆ ಎದ್ದ ಕೂಡಲೇ, ಕಾಲು ಊದಿಕೊಳ್ಳುವ ಮೊದಲು, ಟೇಪಿನಲ್ಲಿ ಹರಡು, ಮೀನಖಂಡ ಅಳೆದು ತರಿಸಬೇಕು. ತರಿಸಿದರೂ ಯಾರೂ ಹಾಕಿಕೊಳ್ಳುತ್ತಿರಲಿಲ್ಲ. ಅಷ್ಟು ಬಿಗಿಯಾದದ್ದನ್ನು ಹಿಮ್ಮಡಿ ದಾಟಿಸಿ ಎಳೆದುಕೊಳ್ಳಲು ವಯಸ್ಸಾದವರ ಕೈಗೆ ಆಗುತ್ತಿರಲಿಲ್ಲ. ಒಂದು ದಿನ ನನಗೆ ಹೊಳೆಯಿತು. ಜವಳಿ ಅಂಗಡಿಯ ನುಣುಪಾದ ಪ್ಲಾಸ್ಟಿಕ್ ಕವರನ್ನು ಮೊದಲು ಪಾದಕ್ಕೆ ಹಾಕಿ, ಅದರ ಮೇಲೆ ಸ್ಟಾಕಿಂಗ್ ಜಾರಿಸಿ, ಬೆರಳಿನ ಕಡೆ ತೆರೆದಿರುವ ಬಾಯಿಯಿಂದ ಕವರನ್ನು ಎಳೆದುಬಿಡುವುದು. ಸಲೀಸಾಗಿ ಹತ್ತಿತು. ಪ್ರೇಮಾ ಸಿಸ್ಟರ್ ಎರಡು ಸಲ ಮಾಡಿಸಿ ನೋಡಿದರು. "ಇದು ನನಗೆ ಹೊಳೆದಿರಲಿಲ್ಲ" ಎಂದರು. ಆ ಒಂದು ಮಾತಿಗೆ ವಾರವೆಲ್ಲ ಹಾರಾಡಿದೆ.

ಮುಂದಿನ ತಿಂಗಳು ನರ್ಸಿಂಗ್ ಶಾಲೆಯಲ್ಲಿ ಆಕೆಯ ಉಪನ್ಯಾಸ. ನಾನು ಹಿಂದಿನ ಸಾಲಿನಲ್ಲಿ ಕೂತಿದ್ದೆ. ಕವರಿನ ಉಪಾಯ ತೋರಿಸಿ, "ಇದನ್ನ ನಮ್ಮ ಡ್ರೆಸ್ಸಿಂಗ್ ರೂಮಿನಲ್ಲಿ ಕಂಡುಕೊಂಡ್ವಿ" ಎಂದರು. ಹುಡುಗಿಯರು ಚಪ್ಪಾಳೆ ತಟ್ಟಿದರು. ಕಂಡುಕೊಂಡ್ವಿ! ಮನೆಗೆ ಬಸ್ಸಿನಲ್ಲಿ ಬರುವಾಗಲೂ ಆ 'ವಿ' ಕಿವಿಯಲ್ಲಿ ಕೊರೆಯುತ್ತಿತ್ತು. ನಾನು ಖಾಲಿ ಬಿಟ್ಟಿದ್ದ ಆ ರಿಜಿಸ್ಟರಿನ ಜಾಗ ನೆನಪಾಗಿ ಸುಮ್ಮನಾಗಬೇಕಿತ್ತು. ಆಗಲಿಲ್ಲ.

ರಿಟೈರ್ ಆಗಲು ಒಂದು ವರ್ಷವಿತ್ತು. ಒಂದು ಭಾನುವಾರ ಮಧ್ಯಾಹ್ನ ನನ್ನ ಹೆಂಡತಿ ಗೌರಮ್ಮ ಸ್ಟೂಲು ಹತ್ತಿ ಅಟ್ಟದಿಂದ ಪಾತ್ರೆ ಇಳಿಸುತ್ತಿದ್ದಳು. ಸೀರೆಯ ನೆರಿಗೆ ಒಂದು ಗೇಣು ಮೇಲೆ ಹೋಯಿತು. ಹರಡಿನಿಂದ ಮೇಲಕ್ಕೆ ಪಟ್ಟಿ. ಎಂಟರ ಆಕಾರದ ಸುತ್ತು, ಕೊನೆಯ ತುದಿ ಹೊರಮಗ್ಗುಲಿಗೆ. ಆ ಕೈ ಯಾರದು ಎಂದು ಕೇಳಬೇಕಾಗಿರಲಿಲ್ಲ. ನನ್ನ ಮನೆಯಲ್ಲಿ, ನನ್ನ ಹೆಂಡತಿಯ ಕಾಲಿನ ಮೇಲೆ.

"ಎಷ್ಟು ದಿನದಿಂದ?" ಎಂದೆ.

ಅವಳು ಪಾತ್ರೆ ಹಿಡಿದುಕೊಂಡೇ ಇಳಿದಳು. "ಎರಡು ತಿಂಗಳಾಯ್ತು. ಗಾಯ ಚಿಕ್ಕದು. ನೀವು ಆಟೋಕ್ಲೇವ್ ಕಡೆ ಹೋದಾಗ ಬಂದು ಕಟ್ಟಿಸ್ಕೊಂಡು ಹೋಗ್ತೀನಿ. ಹೇಳ್ಬೇಡಿ ಅಂತ ನಾನೇ ಸಿಸ್ಟರ್‌ಗೆ ಹೇಳಿದ್ದು."

"ನನ್ನ ಕೈ ಮೇಲೆ ನಂಬಿಕೆ ಇಲ್ವಾ ನಿನಗೆ?"

"ನಂಬಿಕೆ ಯಾಕಿಲ್ಲ? ನೀವು ಊಟಕ್ಕೆ ಕೂತಾಗಲೂ ಊರೋರ ಕಾಲಿನ ವಿಷಯನೇ ಮಾತಾಡ್ತೀರಿ. ನಂದೂ ಆ ಲೆಕ್ಕಕ್ಕೆ ಸೇರ್ಕೊಂಡ್ರೆ ನನ್ನನ್ನೂ ಹಾಗೇ ನೋಡೋಕೆ ಶುರು ಮಾಡ್ತೀರಿ. ಮನೇಲಿ ನನಗೆ ಡ್ರೆಸ್ಸರ್ ಬೇಡ ಕಣ್ರೀ."

ಅವಳು ಪಾತ್ರೆ ಒರೆಸಿ, ಒಲೆ ಹಚ್ಚಿದಳು.

ಶುಕ್ರವಾರ ನಾನೇ ಅವಳನ್ನು ಕರೆದುಕೊಂಡು ಹೋದೆ. ನನ್ನ ಬಿಳಿ ಕೋಟು ಹಾಕಿಕೊಳ್ಳಲಿಲ್ಲ. ಕಟ್ಟಿಸಿಕೊಳ್ಳಲು ಬಂದವರ ಬೆಂಚಿನಲ್ಲಿ ಇಬ್ಬರೂ ಕೂತೆವು. ಸರದಿ ಬಂದಾಗ ಪ್ರೇಮಾ ಸಿಸ್ಟರ್ ನನ್ನನ್ನು ನೋಡಿ ಒಂದು ಗಳಿಗೆ ತಡವರಿಸಿದರು. ಆಮೇಲೆ ಹತ್ತಿಯ ಸುರುಳಿಯನ್ನು ನನ್ನ ಕಡೆ ಚಾಚಿದರು.

"ನೀವೇ ಕಟ್ಟಿ ಸ್ವಾಮಿಯೋರೇ. ನಾನು ಪಕ್ಕದಲ್ಲಿರ್ತೀನಿ."

ಗೌರಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು. ಕಟ್ಟಬೇಕೆಂದು ನನ್ನ ಕೈ ತುರಿಸುತ್ತಿತ್ತು. ಆಕೆಗಿಂತ ಅಂದವಾಗಿ ಕಟ್ಟುತ್ತೇನೆಂದು ನನಗೆ ಆಗಲೂ ಗೊತ್ತಿತ್ತು.

"ಬೇಡಮ್ಮ" ಎಂದೆ. "ನೀವೇ ಕಟ್ಟಿ. ಇವತ್ತು ನಾನು ಇವಳ ಜೊತೆ ಬಂದಿದ್ದೀನಿ."

ನೆಲಕ್ಕೆ ಕೂತು ಗೌರಮ್ಮನ ಹಿಮ್ಮಡಿಯನ್ನು ಎರಡೂ ಅಂಗೈಯಲ್ಲಿ ಎತ್ತಿ ಹಿಡಿದೆ. ಪ್ರೇಮಾ ಸಿಸ್ಟರ್ ಒಂದೊಂದೇ ಪದರ ಸುತ್ತುತ್ತಾ ಬಂದರು. ಮೂರನೆಯ ಪದರ ಸುತ್ತುವಾಗ ಹೊಟ್ಟೆ ಉರಿಯಿತು. ಆದರೂ ನಾಲ್ಕನೆಯದು ಮುಗಿಯುವವರೆಗೆ ಹಿಮ್ಮಡಿ ಅಲುಗಾಡದ ಹಾಗೆ ಹಿಡಿದುಕೊಂಡೇ ಇದ್ದೆ.